ಅಮ್ಮನ ಕೈ ತೊಳೆಯುವ ಗೀಳು: ಥೆರಪಿ ಅಂದ್ರೆ ಬರೀ ಮಾತಾ? ಯಾರಿಗಾದ್ರೂ ಗುಣ ಆಗಿದ್ಯಾ?

ಮಲೆನಾಡ_ಮಗಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ನಾನು ಕೆಲಸಕ್ಕೆ ಅಂತ ಶಿವಮೊಗ್ಗದಲ್ಲಿದೀನಿ, ಶನಿವಾರ ರಾತ್ರಿ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸ್ ಬರ್ತೀನಿ. ಅಮ್ಮನ ವಿಷಯಕ್ಕೆ ಬರೀತಿದೀನಿ.

ಅಮ್ಮನಿಗೆ 54. ಮೂರು ವರ್ಷದಿಂದ ಕೈ ತೊಳೆಯೋದು ನಿಲ್ಲಿಸೋಕೆ ಆಗ್ತಿಲ್ಲ. ಹಾಲಿನ ಪಾತ್ರೆ ಮುಟ್ಟೋಕೆ ಮುಂಚೆ ತೊಳೀತಾರೆ, ಮುಟ್ಟಿದ ಮೇಲೆ ತೊಳೀತಾರೆ, ನಲ್ಲಿ ತಿರುಗಿಸಿದ್ದಕ್ಕೆ ಮತ್ತೆ ತೊಳೀತಾರೆ. ಏಳು ಸಲ ಎಣಿಸಬೇಕು. ನಡುವೆ ಯಾರಾದ್ರೂ ಮಾತಾಡಿಸಿದ್ರೆ ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರು. ಬೆರಳ ಸಂದಿಯೆಲ್ಲ ಒಡೆದು ರಕ್ತ ಬರುತ್ತೆ, ಉಪ್ಪು ತಾಗಿದ್ರೆ ಉರಿ ಅಂತ ಒಬ್ಬರೇ ಅಳ್ತಾರೆ. ಅಪ್ಪ ತೋಟದಿಂದ ಬಂದ್ರೆ ಹಿಂದಿನ ಬಾಗಿಲಿಂದ ಬಚ್ಚಲಿಗೆ ಹೋಗಿ ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು. ಬಸ್ಸಲ್ಲಿ ಬಂದ ನನ್ನ ಬ್ಯಾಗು ಜಗಲಿ ದಾಟಿ ಒಳಗೆ ಬರೋ ಹಾಗಿಲ್ಲ.

ಊರಲ್ಲಿ ಎಲ್ಲರೂ "ಮಡಿ ಸ್ವಲ್ಪ ಜಾಸ್ತಿ, ಅಷ್ಟೇ" ಅಂತಾರೆ. ಅಜ್ಜಿಯ ಮಡಿನೂ ನಾನು ನೋಡಿದೀನಿ. ಅಜ್ಜಿ ಮಡಿಸೀರೆ ಉಟ್ಟು ಅಡುಗೆ ಮಾಡಿ, ನೈವೇದ್ಯ ಆಗಿ, ಎಲ್ಲರ ಊಟ ಮುಗಿದ ಮೇಲೆ ಜಗಲಿಯಲ್ಲಿ ಕವಳ ಹಾಕ್ಕೊಂಡು ಆರಾಮಾಗಿ ಕೂರ್ತಿದ್ರು. ಅಜ್ಜಿಯ ಮಡಿ ಮಧ್ಯಾಹ್ನಕ್ಕೆ ಮುಗೀತಿತ್ತು. ಅಮ್ಮನದು ಮುಗಿಯೋದೇ ಇಲ್ಲ.

ಕಳೆದ ತಿಂಗಳು ಮನೋವೈದ್ಯರಿಗೆ ತೋರಿಸಿದ್ವಿ. ಗೀಳು ಕಾಯಿಲೆ, ಓಸಿಡಿ ಅಂದ್ರು. ಮಾತ್ರೆ ಕೊಟ್ಟು, ಜೊತೆಗೆ ಥೆರಪಿನೂ ಮಾಡಿಸಿ ಅಂದಿದಾರೆ. ಅಪ್ಪ ಕೇಳ್ತಾರೆ, "ಮೂರು ವರ್ಷದಿಂದ ನಾವು ಹೇಳ್ತಾನೇ ಇದೀವಲ್ಲ, ಅವರು ಹೊಸದಾಗಿ ಏನು ಹೇಳ್ತಾರೆ?" ನನ್ನ ಹತ್ತಿರ ಉತ್ತರ ಇಲ್ಲ. ಥೆರಪಿಯಲ್ಲಿ ನಿಜವಾಗಿ ಏನು ಮಾಡ್ತಾರೆ? ಏಳನೇ ಕ್ಲಾಸು ಓದಿದ, ಮನೆ ಬಿಟ್ಟು ಹೋಗದ ಅಮ್ಮನಂಥವರಿಗೂ ಅದು ಆಗುತ್ತಾ? ಮಾಡಿಸಿಕೊಂಡವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಮಂಡಿಪೇಟೆ_ಅಂಗಡಿ ಉತ್ತರ:

ತಂಗಿ, ನಿಮ್ಮ ಅಪ್ಪ ಕೇಳಿದ್ದು ನ್ಯಾಯವಾದ ಪ್ರಶ್ನೆ. ಆರು ವರ್ಷದ ಹಿಂದೆ ನಾನೂ ಅದನ್ನೇ ಕೇಳಿದ್ದೆ. ಉದ್ದ ಆಗುತ್ತೆ, ಆದ್ರೂ ಪೂರ್ತಿ ಬರೀತೀನಿ, ಯಾಕಂದ್ರೆ ನನಗೆ ಆಗ ಹೀಗೆ ಬಿಡಿಸಿ ಹೇಳೋರು ಯಾರೂ ಸಿಕ್ಕಿರಲಿಲ್ಲ.

ನನ್ನದು ದಾವಣಗೆರೆ, ಹಾರ್ಡ್‌ವೇರ್ ಅಂಗಡಿ. ಎರಡು ಶಟರು, ನಾಲ್ಕು ಬೀಗ. ನಿಮ್ಮ ಅಮ್ಮನಿಗೆ ನೀರು ಹೇಗೋ ನನಗೆ ಬೀಗ ಹಾಗೆ. ರಾತ್ರಿ ಎಂಟೂವರೆಗೆ ಅಂಗಡಿ ಮುಚ್ಚಿದ್ರೆ ಮನೆ ಸೇರೋದು ಹನ್ನೊಂದು. ಬೀಗ ಜಗ್ಗಿ ನೋಡೋದು, ಹತ್ತು ಹೆಜ್ಜೆ ನಡೆಯೋದು, ವಾಪಸ್ ಬಂದು ಮತ್ತೆ ಜಗ್ಗೋದು. ಮನೆ ಮುಟ್ಟಿ ಊಟಕ್ಕೆ ಕೂತವನು ಎದ್ದು ಸ್ಕೂಟರ್ ತಗೊಂಡು ಮತ್ತೆ ಹೋಗಿದೀನಿ. ಹತ್ತನೇ ಕ್ಲಾಸಿನ ಮಗನನ್ನ ಮಳೆಯಲ್ಲಿ ಕಳಿಸಿದೀನಿ. ಅದು ಈಗಲೂ ಚುಚ್ಚುತ್ತೆ. ಆಮೇಲೆ ಬೀಗದ ಫೋಟೋ ತೆಗೆಯೋಕೆ ಶುರು ಮಾಡಿದೆ. ಫೋನಲ್ಲಿ ಆರುನೂರು ಚಿಲ್ಲರೆ ಬೀಗದ ಫೋಟೋ ಇತ್ತು. ಫೋಟೋ ನೋಡಿದ್ರೆ ಇದು ಇವತ್ತಿಂದಾ ನಿನ್ನೇದಾ ಅಂತ ಇನ್ನೊಂದು ಅನುಮಾನ.

ಮೊದಲು ಒಬ್ಬರು ಕೌನ್ಸೆಲರ್ ಹತ್ತಿರ ಹೋದೆ. ಒಳ್ಳೆಯವರು, ಸಮಾಧಾನವಾಗಿ ಕೇಳಿಸ್ಕೊಂಡ್ರು. ದೀರ್ಘ ಉಸಿರು ತಗೊಳ್ಳಿ, ಒಳ್ಳೇದನ್ನೇ ಯೋಚನೆ ಮಾಡಿ, ಕೆಟ್ಟ ಯೋಚನೆ ಬಂದಾಗ ಕೈಗೆ ಹಾಕಿದ ರಬ್ಬರ್ ಬ್ಯಾಂಡ್ ಎಳೆದು ಬಿಡಿ ಅಂದ್ರು. ಆರು ಸಲ ಹೋದೆ. ಆಗಿದ್ದೇನು ಅಂದ್ರೆ, ಬೀಗ ಜಗ್ಗೋದರ ಜೊತೆಗೆ ಉಸಿರು ಎಣಿಸೋದೂ ಸೇರ್ಕೊಂಡ್ತು. ಉಸಿರು ಸರಿಯಾಗಿ ತಗೊಂಡಿಲ್ಲ ಅನ್ನಿಸಿದ್ರೆ ಮತ್ತೆ ಮೊದಲಿಂದ. ತಂಗಿ, ಇದನ್ನ ಯಾಕೆ ಹೇಳಿದೆ ಅಂದ್ರೆ ಥೆರಪಿ ಅನ್ನೋದು ಒಂದೇ ಔಷಧಿ ಅಲ್ಲ. ಜ್ವರಕ್ಕೆ ಜ್ವರದ ಮಾತ್ರೆ, ಶುಗರಿಗೆ ಶುಗರಿನ ಮಾತ್ರೆ ಇರೋ ಹಾಗೆ ಗೀಳಿಗೆ ಅದರದ್ದೇ ಥೆರಪಿ ಇದೆ. ಅದರ ಹೆಸರು ಇಆರ್‌ಪಿ. ಭಯಕ್ಕೆ ಎದುರು ನಿಲ್ಲೋದು, ನಿಂತ ಮೇಲೆ ಆ ಮಾಮೂಲಿ ಕೆಲಸ ಮಾಡದೇ ಇರೋದು. ಕೇಳೋಕೆ ಸುಲಭ, ಮಾಡೋಕೆ ಎದೆ ಬೇಕು.

ಎರಡನೇ ಸಲ ಹೋಗಿದ್ದು ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ, ನಮ್ಮ ಮನೋವೈದ್ಯರೇ ಕಳಿಸಿದ್ರು. ಮೊದಲ ಎರಡು ಭೇಟಿ ಬರೀ ಪ್ರಶ್ನೆ. ಎಷ್ಟು ಹೊತ್ತು, ಎಷ್ಟು ಸಲ, ಯಾರನ್ನ ಕೇಳ್ತೀರಿ, ಕೇಳಿದ ಮೇಲೆ ಎಷ್ಟು ನಿಮಿಷ ನೆಮ್ಮದಿ. ಕೊನೇ ಪ್ರಶ್ನೆಗೆ ನಾನು "ಎರಡು ನಿಮಿಷ" ಅಂದೆ. ಆವಾಗ ಮೇಡಂ ಹೇಳಿದ್ರು, "ಆ ಎರಡು ನಿಮಿಷದ ನೆಮ್ಮದಿಯೇ ನಿಮ್ಮ ಕಾಯಿಲೆಗೆ ಊಟ." ನೋಡಿದಷ್ಟೂ ನೆಮ್ಮದಿ ಸಿಗುತ್ತೆ ಅಂತ ಮನಸ್ಸು ಕಲಿತುಬಿಡುತ್ತೆ, ಸುಮ್ಮನಿದ್ರೆ ಏನಾಗ್ತಿತ್ತು ಅಂತ ಕಲಿಯೋಕೆ ಅವಕಾಶವೇ ಸಿಗಲ್ಲ.

ಇನ್ನೊಂದು ಹೇಳಿದ್ರು, ನನಗೆ ಬಹಳ ಹಿಡಿಸ್ತು. ನೆದರ್ಲೆಂಡ್ಸ್‌ನಲ್ಲಿ 2003ರಲ್ಲಿ ಇಬ್ಬರು ಸಂಶೋಧಕರು ಯಾವ ಕಾಯಿಲೆಯೂ ಇಲ್ಲದವರನ್ನ ಕೂರಿಸಿ ಕಂಪ್ಯೂಟರಿನಲ್ಲಿ ಒಂದು ಗ್ಯಾಸ್ ಒಲೆಯನ್ನ ಮತ್ತೆ ಮತ್ತೆ ಹಚ್ಚಿಸಿ, ಆರಿಸಿ, ಆರಿದೆಯಾ ಅಂತ ನೋಡಿಸಿದ್ರಂತೆ. ಕೊನೆಗೆ ಅವರ ನೆನಪೇನೂ ತಪ್ಪಾಗಿರಲಿಲ್ಲ, ಆದ್ರೆ ಆ ನೆನಪು ಮಸುಕಾಗಿ, ಅದರ ಮೇಲಿನ ನಂಬಿಕೆ ಹೊರಟುಹೋಗಿತ್ತು. ಅಂದ್ರೆ ನಾನು ಅನುಮಾನ ಬಂದಿದ್ದಕ್ಕೆ ನೋಡ್ತಿದ್ದೆ, ನೋಡಿದ್ದಕ್ಕೇ ಅನುಮಾನ ಬೆಳೀತಿತ್ತು. ಅವತ್ತು ಸ್ಕೂಟರ್ ಮೇಲೆ ಮನೆಗೆ ಬರ್ತಾ ಅದನ್ನೇ ಯೋಚಿಸಿದೆ.

ಆಮೇಲೆ ಒಂದು ಏಣಿ ಬರೆದ್ವಿ. ಸೊನ್ನೆಯಿಂದ ನೂರರವರೆಗೆ ಆತಂಕಕ್ಕೆ ಅಂಕ. ಮನೆಯ ಬೀರು ಒಂದೇ ಸಲ ಮುಚ್ಚಿ ಬಿಡೋದು 25. ಸ್ಕೂಟರ್ ಲಾಕ್ 35. ಗ್ಯಾಸ್ ರೆಗ್ಯುಲೇಟರ್ 50. ಅಂಗಡಿ ಬೀಗ ಒಂದೇ ಸಲ ಜಗ್ಗಿ ಹೋಗೋದು 70. ಜಗ್ಗದೇ ಹೋಗೋದು 90. ಜಗ್ಗದೇ ಬೀಗ ಹಾಕಿ ಪರ ಊರಿಗೆ ಹೋಗಿ ರಾತ್ರಿ ಉಳಿಯೋದು 100. ಕೆಳಗಿನಿಂದ ಒಂದೊಂದೇ ಮೆಟ್ಟಿಲು. ಒಂದು ಸಲೀಸಾಗೋವರೆಗೆ ದಿನಾ ಅದೇ, ಬರೆದಿಡಬೇಕು, ಮುಂದಿನ ವಾರ ತೋರಿಸಬೇಕು.

90ರ ದಿನ ಹೇಳ್ತೀನಿ. ನವೆಂಬರ್, ಮಂಗಳವಾರ. ನನ್ನ ಹೆಂಡತಿ ಜೊತೆಗೆ ಬಂದಿದ್ಲು. ಕೀಲಿ ತಿರುಗಿಸಿದೆ, ಕಟ್ ಅಂತು, ಕೀಲಿ ತೆಗೆದು ಜೇಬಿಗೆ ಹಾಕಿದೆ. ಕೈ ತಾನಾಗೇ ಬೀಗದ ಕಡೆ ಹೋಯ್ತು. ಅವಳು ನನ್ನ ಕೈ ಹಿಡೀಲಿಲ್ಲ, ಹಿಡೀಬಾರದು ಅಂತ ಮೇಡಂ ಹೇಳಿದ್ರು, ತಡೆಯೋ ಕೆಲಸ ನನ್ನದೇ ಆಗಬೇಕು. ಕೈ ಹಿಂದಕ್ಕೆ ತಗೊಂಡೆ. ಇಬ್ಬರೂ ನಡ್ಕೊಂಡು ಒಂದು ಮಂಡಕ್ಕಿ ಅಂಗಡಿಗೆ ಹೋಗಿ ಕೂತ್ವಿ. ಮಿರ್ಚಿ ಎದುರಿಗಿತ್ತು, ಗಂಟಲಿಗೆ ಇಳೀಲಿಲ್ಲ. ಬೆನ್ನೆಲ್ಲ ಬೆವರು. ತಲೆಯೊಳಗೆ ಒಂದೇ ಕೂಗು, ಬೀಗ ಬಿದ್ದಿಲ್ಲ, ಬೀಗ ಬಿದ್ದಿಲ್ಲ. "ಬಿದ್ದಿದೆ ಅಲ್ವಾ?" ಅಂತ ಅವಳನ್ನ ಕೇಳಿದೆ. ಅವಳು, "ಇದಕ್ಕೆ ಉತ್ತರ ಕೊಡಲ್ಲ ಅಂತ ಮೇಡಂಗೆ ಮಾತು ಕೊಟ್ಟಿದೀನಿ ರೀ, ನಿಮ್ಮ ಜೊತೆ ಕೂತಿರ್ತೀನಿ" ಅಂದ್ಲು. ಅವಳ ಕಣ್ಣಲ್ಲೂ ನೀರಿತ್ತು.

ಬಿಲ್ ಬುಕ್ಕಿನ ಹಿಂದೆ ಬರೆದಿದ್ದು ಇನ್ನೂ ಇಟ್ಕೊಂಡಿದೀನಿ. 8.40ಕ್ಕೆ 90. 8.50ಕ್ಕೆ 95. 9.10ಕ್ಕೆ 80. 9.40ಕ್ಕೆ 60. 10.30ಕ್ಕೆ 35. ಇದನ್ನ ನಿಮ್ಮ ಅಪ್ಪನಿಗೆ ಓದಿ ಹೇಳಿ. ಬೀಗ ಬಿದ್ದಿದೆ ಅಂತ ಗೊತ್ತಾಗಿ ಆತಂಕ ಇಳಿದಿದ್ದಲ್ಲ, ಗೊತ್ತಾಗದೇ ಇಳೀತು. ಹದಿನೈದು ವರ್ಷದಲ್ಲಿ ಅದು ನನಗೆ ಮೊದಲನೇ ಸಲ. ನಿಮ್ಮ ಅಪ್ಪ ಮೂರು ವರ್ಷದಿಂದ "ಏನೂ ಆಗಲ್ಲ, ಕೈ ಕ್ಲೀನಾಗಿದೆ" ಅಂತ ಹೇಳ್ತಿರೋದು ಪ್ರೀತಿಯಿಂದಲೇ, ನನಗೆ ಗೊತ್ತು. ಆದ್ರೆ ಆ ಮಾತೂ ಒಂದು ಸಲ ಕೈ ತೊಳೆದ ಹಾಗೆಯೇ, ಎರಡು ನಿಮಿಷ ಇರುತ್ತೆ.

ಒಟ್ಟು ಹದಿನಾರು ಭೇಟಿ, ಐದು ತಿಂಗಳು. ಒಂದಕ್ಕೆ 800 ರೂಪಾಯಿ ಕೊಟ್ಟೆ. ಗೀಳಿಗೆ 40 ಅಂಕದ ಒಂದು ಅಳತೆ ಇದೆ, ಶುರುವಿಗೆ ನನಗೆ 27 ಇತ್ತು, ಕೊನೆಗೆ 11. ಸೊನ್ನೆ ಆಗಿಲ್ಲ. ನಮ್ಮ ತಂದೆ ತೀರಿಕೊಂಡ ವರ್ಷ ಮತ್ತೆ ತಲೆ ಎತ್ತಿತ್ತು, ಎರಡು ಸಲ ಹೋಗಿ ಬಂದೆ, ಹಳೇ ಏಣಿ ಮತ್ತೆ ಹತ್ತಿದೆ. ಮಾತ್ರೆ ಈಗಲೂ ಒಂದು ಇದೆ. ರಾತ್ರಿ ಒಂಬತ್ತಕ್ಕೆ ಮನೆಯಲ್ಲಿರ್ತೀನಿ.

ಮನೋಚಿಕಿತ್ಸಕಿ_ಧಾರವಾಡ ಉತ್ತರ:

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಮೇಲಿನ ಉತ್ತರ ಓದಿ ತುಂಬ ಸಂತೋಷವಾಯಿತು. ಅದಕ್ಕೆ ಕೆಲವು ಮಾತು ಸೇರಿಸುತ್ತೇನೆ.

ಈ ಪದ್ಧತಿ ಹೊಸದಲ್ಲ. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು 1966ರಲ್ಲಿ ಇಬ್ಬರು ರೋಗಿಗಳ ಬಗ್ಗೆ ಬರೆದರು. ದಾದಿಯರು ಹಗಲೆಲ್ಲ ಜೊತೆಗಿದ್ದು, ಭಯ ಹುಟ್ಟಿಸುವ ವಸ್ತುಗಳ ನಡುವೆ ಇರಿಸಿ, ಆಮೇಲಿನ ಆಚರಣೆಗಳನ್ನು ಮಾಡದಂತೆ ನೋಡಿಕೊಂಡರು. ಅಲ್ಲಿಯವರೆಗೆ ಗೀಳು ಕಾಯಿಲೆ ವಾಸಿಯಾಗದ್ದು ಎಂದೇ ನಂಬಿಕೆಯಿತ್ತು. ಈಗ ನಾವು ಹಾಗೆ ಕಾವಲು ಕಾಯುವುದಿಲ್ಲ. ರೋಗಿ ಒಪ್ಪಿದ ಮೆಟ್ಟಿಲನ್ನು ರೋಗಿಯೇ ಹತ್ತಬೇಕು. ಆದ್ದರಿಂದ ಮನೆಯಲ್ಲಿ ಯಾರೂ ಇದ್ದಕ್ಕಿದ್ದಂತೆ ನೀರು ನಿಲ್ಲಿಸುವುದು, ಸೋಪು ಬಚ್ಚಿಡುವುದು ಮಾಡಬೇಡಿ. ಅದು ಚಿಕಿತ್ಸೆಯಲ್ಲ, ಜಗಳ.

ಯಾರಿಗೆ ಉಪಯೋಗ ಎಂದು ಕೇಳಿದ್ದೀರಿ. ಅಮೆರಿಕದ ಎಡ್ನಾ ಫೋವಾ ಮತ್ತು ಜೊತೆಗಾರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 12 ವಾರದ ಕೊನೆಗೆ ಚೆನ್ನಾಗಿ ಸುಧಾರಿಸಿದವರು ಹೀಗಿದ್ದರು: ಈ ಥೆರಪಿ ಪಡೆದವರಲ್ಲಿ ನೂರಕ್ಕೆ 62, ಕ್ಲೋಮಿಪ್ರಮಿನ್ ಮಾತ್ರೆ ಪಡೆದವರಲ್ಲಿ 42, ಎರಡೂ ಪಡೆದವರಲ್ಲಿ 70, ಔಷಧವಿಲ್ಲದ ಬರೀ ಮಾತ್ರೆ ಪಡೆದವರಲ್ಲಿ 8. ಅಂದರೆ ಬಹಳ ಮಂದಿಗೆ ಉಪಯೋಗವಿದೆ, ಎಲ್ಲರಿಗೂ ಇಲ್ಲ. ಓದು ಎಷ್ಟು ಎನ್ನುವುದು ನನ್ನ ಅನುಭವದಲ್ಲಿ ಲೆಕ್ಕಕ್ಕೆ ಬರುವುದೇ ಇಲ್ಲ. ಓದು ಬಾರದ ಒಬ್ಬ ಅಜ್ಜಿ ಅಂಕ ಹೇಳುವ ಬದಲು ಡಬ್ಬಿಗೆ ಅವರೆಕಾಳು ಹಾಕಿ ತನ್ನ ಆತಂಕ ತೋರಿಸುತ್ತಿದ್ದರು. ಲೆಕ್ಕಕ್ಕೆ ಬರುವುದು ಮನೆಯಲ್ಲಿ ದಿನವೂ ಮಾಡುವ ಅಭ್ಯಾಸ, ಮತ್ತು ಮನೆಯವರ ಸಹಕಾರ. ತೀವ್ರ ಖಿನ್ನತೆ ಇರುವವರಿಗೆ, ತನ್ನ ಭಯ ಅತಿಯಾದದ್ದು ಎಂದು ಒಂದಿಷ್ಟೂ ಅನ್ನಿಸದವರಿಗೆ ಇದು ಕಷ್ಟ. ಮೊದಲು ಮಾತ್ರೆಯಿಂದ ಸ್ವಲ್ಪ ನೆಲೆ ಸಿಗಬೇಕಾಗುತ್ತದೆ. ಗೀಳಿಗೆ ಕೊಡುವ ಮಾತ್ರೆ ಕೆಲಸ ಮಾಡಲು ಎಂಟರಿಂದ ಹನ್ನೆರಡು ವಾರ ಬೇಕು. ಒಂದೇ ತಿಂಗಳಾಗಿದೆ, ಪರಿಣಾಮವಿಲ್ಲ ಎಂದು ನಿಲ್ಲಿಸಬೇಡಿ.

ಮಡಿಯ ವಿಷಯ ಬಹಳ ಮುಖ್ಯ. ನಾವು ಯಾರಿಗೂ ಮಡಿ ಬಿಡಿ ಎನ್ನುವುದಿಲ್ಲ. ನಿಮ್ಮ ಅಜ್ಜಿಯ ಕಾಲದ ಪದ್ಧತಿ ಏನಿತ್ತು ಎಂದು ಮನೆಯ ಹಿರಿಯರನ್ನು, ಬೇಕಾದರೆ ಪುರೋಹಿತರನ್ನು ಅಮ್ಮನ ಎದುರೇ ಒಂದು ಸಲ ಕೇಳಿ ಬರೆದಿಟ್ಟುಕೊಳ್ಳಿ. ಅಷ್ಟನ್ನು ಉಳಿಸಿಕೊಳ್ಳಲಿ. ಅದರಾಚೆಗಿನದು ಕಾಯಿಲೆಯದು. ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು ಎಂದು ನೀವು ಬರೆದಿದ್ದೀರಲ್ಲ, ಆ ವಾಕ್ಯವನ್ನು ಚಿಕಿತ್ಸಕರಿಗೆ ಹೇಳಿ. ನಾವು ಎರಡು ಭೇಟಿಯಲ್ಲಿ ಹುಡುಕುವುದು ಅಲ್ಲಿದೆ.

ಹೋಗುವ ಮುಂಚೆ ಎರಡು ವಿಚಾರಿಸಿ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇದೆಯೇ? ಗೀಳಿಗೆ ಇಆರ್‌ಪಿ ಮಾಡುತ್ತಾರೆಯೇ? ಕೇಳಲು ಸಂಕೋಚ ಬೇಡ. ಖಾಸಗಿ ಖರ್ಚು ಭಾರವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೇ ಪ್ರತ್ಯೇಕ ಕ್ಲಿನಿಕ್ ಇದೆ, ಇಲ್ಲಿ ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಇಡೀ ಚಿಕಿತ್ಸೆ ಆಗುವುದಿಲ್ಲ, ಎಲ್ಲಿಗೆ ಹೋಗಬೇಕೆಂದು ತಿಳಿಸುತ್ತಾರೆ. ಕೈಯ ಗಾಯಕ್ಕೆ ಚರ್ಮದ ವೈದ್ಯರಿಗೂ ತೋರಿಸಿ.

ಮೈಸೂರಿನವ ಉತ್ತರ:

ನಮ್ಮ ಮನೆಯಲ್ಲಿ ಮೊದಲ ಸಲ ಆಗಲಿಲ್ಲ, ಅದನ್ನೂ ಹೇಳಬೇಕು ಅನ್ನಿಸ್ತು. ನನ್ನ ಹೆಂಡತಿಗೆ ಗೀಳಿನ ಜೊತೆ ಖಿನ್ನತೆನೂ ಇತ್ತು. ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳೋದೇ ಅವಳಿಗೆ ಬೆಟ್ಟ ಹತ್ತಿದ ಹಾಗೆ, ಇನ್ನು ಭಯಕ್ಕೆ ಎದುರು ನಿಲ್ಲೋದು ಎಲ್ಲಿಂದ? ಎರಡನೇ ಭೇಟಿಯಲ್ಲೇ ಕಸದ ಬುಟ್ಟಿ ಮುಟ್ಟಿಸಿದ್ರು. ಮನೆಗೆ ಬಂದು ನಾಲ್ಕು ಗಂಟೆ ಸ್ನಾನ ಮಾಡಿದ್ಲು, ಮತ್ತೆ ಆ ಕಡೆ ಹೋಗಲಿಲ್ಲ. ಒಂದು ವರ್ಷ ಹಾಗೇ ಹೋಯ್ತು. ಡಾಕ್ಟರು ಮಾತ್ರೆಯ ಡೋಸು ಜಾಸ್ತಿ ಮಾಡಿ ಮೂರು ತಿಂಗಳಾದ ಮೇಲೆ ಬೇರೆ ಚಿಕಿತ್ಸಕರ ಹತ್ತಿರ, 20 ಅಂಕದ ಮೆಟ್ಟಿಲಿಂದ ಶುರು ಮಾಡಿದ್ಲು. ಈ ಸಲ ನಿಂತಿದಾಳೆ. ಒಬ್ಬರ ಹತ್ತಿರ ಸರಿಹೋಗದಿದ್ರೆ ಥೆರಪಿಯೇ ಸುಳ್ಳು ಅಂದ್ಕೊಂಡು ನಮ್ಮ ಹಾಗೆ ವರ್ಷ ಕಳೀಬೇಡಿ. ಅವಸರ ಆಯ್ತು ಅಂತ ಅವರಿಗೇ ಹೇಳಬಹುದು ಅಂತ ಆಗ ನಮಗೆ ಗೊತ್ತಿರಲಿಲ್ಲ.

ಮಲೆನಾಡ_ಮಗಳು, ಏಳು ವಾರದ ನಂತರ:

ಎಲ್ಲರಿಗೂ ತುಂಬಾ ಧನ್ಯವಾದ. ಮಂಡಿಪೇಟೆ ಅಣ್ಣ, ನಿಮ್ಮ ಬಿಲ್ ಬುಕ್ಕಿನ ಅಂಕಗಳನ್ನ ಅಪ್ಪನಿಗೆ ಓದಿದೆ. ಇನ್ನೊಂದು ಸಲ ಓದು ಅಂದ್ರು. ಆಮೇಲೆ ಏನೂ ಮಾತಾಡದೆ ತೋಟಕ್ಕೆ ಹೋದ್ರು, ಸಂಜೆ ಬಂದು "ಯಾವತ್ತು ಹೋಗಬೇಕು?" ಅಂದ್ರು.

ಶಿವಮೊಗ್ಗದಲ್ಲೇ ಆರ್‌ಸಿಐ ನೋಂದಣಿ ಇರೋ ಒಬ್ಬರು ಸಿಕ್ಕಿದಾರೆ. ಐದು ಭೇಟಿ ಆಗಿದೆ, ಎರಡು ವಿಡಿಯೋ ಕರೆಯಲ್ಲಿ. ಮಡಿಯ ಪಟ್ಟಿ ಮಾಡೋಕೆ ನಮ್ಮ ದೊಡ್ಡಮ್ಮನ್ನ ಕರೆಸಿದ್ವಿ. "ನಿನ್ನ ಅತ್ತೆ ಒಂದು ಚೊಂಬು ನೀರಲ್ಲಿ ಕೈ ತೊಳೆದು ಪೂಜೆಗೆ ಹೋಗ್ತಿದ್ದಳು ಮಾರಾಯ್ತಿ" ಅಂದಾಗ ಅಮ್ಮ ತುಂಬ ಹೊತ್ತು ಸುಮ್ಮನಿದ್ರು.

ಮೊದಲ ಮೆಟ್ಟಿಲು ನನ್ನ ಬ್ಯಾಗು. ಅಮ್ಮ ಅದಕ್ಕೆ 40 ಕೊಟ್ಟಿದ್ರು. ಹೋದ ಶನಿವಾರ ಜಗಲಿ ದಾಟಿ ನಡುಮನೆಯ ಕಂಬದ ಹತ್ತಿರ ಇಟ್ಟೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಅದನ್ನೇ ನೋಡ್ತಿದ್ರು, ಸೆರಗಿನ ತುದಿ ಹಿಂಡ್ತಾ. ಎಷ್ಟು ಅಂದೆ. 70 ಅಂದ್ರು. "ಒರೆಸಿ ತಂದಿದೀಯ ಅಲ್ವಾ?" ಅಂತ ಕೇಳಿದ್ರು. ಉತ್ತರ ಕೊಡಲಿಲ್ಲ, ಹತ್ತಿರ ಹೋಗಿ ನಿಂತೆ. ನನಗೆ ಇಷ್ಟು ಕಷ್ಟ ಆಗುತ್ತೆ ಅಂತ ಗೊತ್ತಿರಲಿಲ್ಲ. ಊಟ ಬಡಿಸೋ ಹೊತ್ತಿಗೆ 45 ಆಗಿತ್ತು. ಸೋಮವಾರ ಬೆಳಿಗ್ಗೆ ಹೊರಡುವಾಗ ನೋಡ್ತೀನಿ, ತೊಡೆದೇವಿನ ಡಬ್ಬಿಯನ್ನ ಅಮ್ಮನೇ ಬ್ಯಾಗಿನ ಮೇಲೆ ಇಟ್ಟಿದಾರೆ. ಇಟ್ಟ ಮೇಲೆ ಕೈ ತೊಳೆದಿದ್ದು ನಿಜ. ಏಳು ಸಲ ಅಲ್ಲ, ಮೂರು ಸಲ.

ಮುಂದಿನದು ಅಪ್ಪ ತೋಟದಿಂದ ಬಂದು ಕಾಲು ತೊಳೆದು ಮುಂಬಾಗಿಲಿಂದ ಒಳಗೆ ಬರೋದು. ಅದು 80. ಅಪ್ಪನಿಗೇ ಭಯ ಆಗ್ತಿದೆ, ಅವಳು ಅತ್ತರೆ ನಾನು ಹಿಂದಕ್ಕೆ ಹೋಗಿಬಿಡ್ತೀನಿ ಅಂತಾರೆ. ಅಣ್ಣ, ನಿಮ್ಮ ಮನೆಯವರು ಆ ದಿನಗಳನ್ನ ಹೇಗೆ ತಡ್ಕೊಂಡ್ರು?

ಮಂಡಿಪೇಟೆ_ಅಂಗಡಿ ಉತ್ತರ:

ಅವಳನ್ನೇ ಕೇಳಿದೆ ತಂಗಿ. ಅವಳ ಮಾತಲ್ಲೇ ಬರೀತೀನಿ: "ಒಬ್ಬಳೇ ತಡ್ಕೊಳ್ಳಲಿಲ್ಲ. ವಾರಕ್ಕೊಂದು ಸಲ ನಾನೂ ಮೇಡಂ ಹತ್ತಿರ ಹತ್ತು ನಿಮಿಷ ಕೂತು ಅತ್ತು ಬರ್ತಿದ್ದೆ. ಅಪ್ಪನನ್ನೂ ಒಂದು ಸಲ ಕರ್ಕೊಂಡು ಹೋಗಿ ಕೂರಿಸು." ಮತ್ತೆ 40ರಿಂದ ನೇರ 80ಕ್ಕೆ ಹೋಗಬೇಡಿ, ನಡುವೆ ಎರಡು ಮೆಟ್ಟಿಲು ಹಾಕಿಸ್ಕೊಳ್ಳಿ. ಮೊದಲು ಅಪ್ಪನ ಚಪ್ಪಲಿ ಜಗಲಿ ಮೇಲೆ ಬರಲಿ.